ಫೋನು ಮನೆಯಲ್ಲಿದೆ, ಬಳಸಲು ಬರುವುದು ಯಾರಿಗೆ?

ಡಿಜಿಟಲ್ ಕೌಶಲವನ್ನು ದೇಶ ಅಳೆಯುವ ಬಗೆ, ನಾವು ಅಳೆದುಕೊಳ್ಳಬೇಕಾದ ಬಗೆ



ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಕ್ಯಾನು ಹಿಡಿದು ಡೇರಿಗೆ ಹೋಗುತ್ತೀರಿ. ಅಲ್ಲಿ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿದರೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಎಲ್ಲವೂ ಚೀಟಿಯ ಮೇಲೆ ಮೂಡುತ್ತದೆ. ಎಷ್ಟೋ ಸಂಘಗಳಲ್ಲಿ ಅದೇ ಲೆಕ್ಕ ಮೊಬೈಲಿಗೂ ಮೆಸೇಜಾಗಿ ಹೋಗುತ್ತದೆ. ಬಟವಾಡೆ ಬ್ಯಾಂಕ್ ಖಾತೆಗೇ ಜಮೆಯಾಗುವ ಕಡೆ ಬ್ಯಾಂಕಿನ ಮೆಸೇಜೂ ಬರುತ್ತದೆ.

ಈಗ ಒಂದು ಪ್ರಶ್ನೆ. ಆ ಮೆಸೇಜು ಬರುವುದು ಯಾರ ಮೊಬೈಲಿಗೆ? ಬಂದದ್ದನ್ನು ಓದುವವರು ಯಾರು? ಸದಸ್ಯತ್ವ ನಿಮ್ಮ ಹೆಸರಿನಲ್ಲಿದೆ, ಪಾಸ್ ಪುಸ್ತಕ ನಿಮ್ಮ ಹೆಸರಿನಲ್ಲಿದೆ, ಹಸು ಮೇಯಿಸುವುದು ನೀವು, ಕರೆಯುವುದು ನೀವು. ಆದರೆ ಖಾತೆಗೆ ಜೋಡಿಸಿರುವ ನಂಬರು ಮಗನದ್ದು ಅಥವಾ ಯಜಮಾನರದ್ದು. "ದುಡ್ಡು ಬಂತೇನೋ ನೋಡಪ್ಪಾ" ಎಂದು ಕೇಳಿದ ಮೇಲೆಯೇ ನಿಮ್ಮ ದುಡ್ಡಿನ ಸುದ್ದಿ ನಿಮಗೆ ತಿಳಿಯುವುದು. ನಮ್ಮಲ್ಲಿ ಬಹಳ ಮನೆಗಳ ಕಥೆ ಇದೇ.

ಇತ್ತ ದೇಶದ ಮಟ್ಟದಲ್ಲಿ "ಜನರಿಗೆ ಡಿಜಿಟಲ್ ಕೌಶಲ ಎಷ್ಟಿದೆ" ಎಂದು ಸಮೀಕ್ಷೆಗಳು ಲೆಕ್ಕ ಹಾಕುತ್ತವೆ. ಆ ಲೆಕ್ಕ ನೋಡಿಕೊಂಡು ತರಬೇತಿಗಳು ರೂಪುಗೊಳ್ಳುತ್ತವೆ, ಹಣ ಹಂಚಿಕೆಯಾಗುತ್ತದೆ. ಆ ಲೆಕ್ಕದಲ್ಲಿ ನೀವು ಎಲ್ಲಿದ್ದೀರಿ? ನಿಮ್ಮ ಮನೆಯನ್ನು "ಡಿಜಿಟಲ್ ಬಲ್ಲ ಮನೆ" ಎಂದು ಎಣಿಸಿದಾಗ ಅದರೊಳಗೆ ನೀವೂ ಸೇರಿದ್ದೀರಾ? ಇದನ್ನು ತಿಳಿದುಕೊಂಡರೆ ನಮ್ಮನ್ನು ನಾವೇ ಅಳೆದುಕೊಳ್ಳುವುದೂ ಸುಲಭ, ಬೇಕಾದ ತರಬೇತಿಯನ್ನು ಕೇಳಿ ಪಡೆಯುವುದೂ ಸುಲಭ.

ಲೀಟರ್ ಲೆಕ್ಕ ಬೇರೆ, ಗುಣಮಟ್ಟದ ಲೆಕ್ಕ ಬೇರೆ

ಹಾಲಿನ ವಿಷಯದಲ್ಲಿ ನಿಮಗೆ ಯಾರೂ ಪಾಠ ಹೇಳಬೇಕಿಲ್ಲ. ಹತ್ತು ಲೀಟರ್ ಹಾಲು ಹಾಕಿದ ಮಾತ್ರಕ್ಕೆ ದರ ನಿರ್ಧಾರವಾಗುವುದಿಲ್ಲ. ಫ್ಯಾಟ್ 3.5 ಇದೆಯೇ, ಎಸ್‌ಎನ್‌ಎಫ್ 8.5 ಇದೆಯೇ ಎಂದು ನೋಡಿಯೇ ದರ. ಬರೀ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದರೆ ನೀರು ಬೆರೆಸಿದವರಿಗೇ ಲಾಭವಾಗುತ್ತಿತ್ತು. ಯಾವುದನ್ನು ಅಳೆಯುತ್ತೇವೆ ಎಂಬುದರ ಮೇಲೆ ಯಾವುದು ಬೆಳೆಯುತ್ತದೆ ಎಂಬುದು ನಿಂತಿದೆ.

ಡಿಜಿಟಲ್ ಕೌಶಲವನ್ನು ಅಳೆಯುವಾಗಲೂ ಹೀಗೆಯೇ. ಅಲ್ಲಿ ನಾಲ್ಕು ಬೇರೆ ಬೇರೆ ಅಳತೆಗಳಿವೆ:

1. ಮನೆಯಲ್ಲಿ ಫೋನ್ ಇದೆಯೇ?
2. ನೀವು ಬಳಸುವ ಫೋನ್ ನಿಮ್ಮದೇ ಆಗಿದೆಯೇ?
3. ಇಂಟರ್ನೆಟ್ ಎಂದಾದರೂ ಬಳಸಿದ್ದೀರಾ?
4. ಇಂಥ ಕೆಲಸವನ್ನು ನೀವೇ ಮಾಡಬಲ್ಲಿರಾ?

ಮೊದಲನೆಯದು ಲೀಟರ್ ಲೆಕ್ಕ. ನಾಲ್ಕನೆಯದು ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ನಾಲ್ಕನೆಯದಕ್ಕೆ ಸಿಕ್ಕ ಉತ್ತರ ಎಂದುಕೊಂಡರೆ ಮೋಸ ಹೋಗುತ್ತೇವೆ.

ನೂರು ಹೆಣ್ಣುಮಕ್ಕಳಲ್ಲಿ ಎಷ್ಟು ಜನ?

ಅಂಕಿಗಳನ್ನೇ ನೋಡೋಣ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಣ್ಣುಮಕ್ಕಳನ್ನೇ ನೇರವಾಗಿ ಮಾತಾಡಿಸಿ ಕೇಳಿದ ಸಮೀಕ್ಷೆ. ಇಡೀ ದೇಶದ ಲೆಕ್ಕದಲ್ಲಿ ಅದು ಹೇಳಿದ್ದು ಹೀಗೆ:

• ನೂರು ಹೆಣ್ಣುಮಕ್ಕಳಲ್ಲಿ ಸುಮಾರು 79 ಜನರಿಗೆ ತಾವೇ ಬಳಸುವ ಬ್ಯಾಂಕ್ ಖಾತೆ ಇದೆ.
• ತಾವೇ ಬಳಸುವ ಮೊಬೈಲ್ ಇರುವವರು ಸುಮಾರು 54 ಜನ.
• ಹಾಗೆ ಮೊಬೈಲ್ ಇರುವವರಲ್ಲಿ ಮೆಸೇಜ್ ಓದಬಲ್ಲವರು ನೂರಕ್ಕೆ 71. ಅಂದರೆ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 38 ಜನ.
• ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಸುಮಾರು 33 ಜನ. ಗಂಡಸರಲ್ಲಿ ಈ ಸಂಖ್ಯೆ 57.
• ಹಳ್ಳಿಯ ಹೆಣ್ಣುಮಕ್ಕಳನ್ನಷ್ಟೇ ತೆಗೆದುಕೊಂಡರೆ ಇಂಟರ್ನೆಟ್ ಬಳಸಿದವರು ನೂರಕ್ಕೆ 25ರಷ್ಟು.

ಮೇಲಿನಿಂದ ಕೆಳಕ್ಕೆ ಓದಿಕೊಂಡು ಬನ್ನಿ. ಖಾತೆ 79 ಜನಕ್ಕೆ, ಫೋನು 54 ಜನಕ್ಕೆ, ಮೆಸೇಜ್ ಓದುವುದು 38 ಜನಕ್ಕೆ. ಖಾತೆ ಇದ್ದೂ ಅದಕ್ಕೆ ಬಂದ ಹಣದ ಮೆಸೇಜನ್ನು ತಾವೇ ನೋಡಿ ಓದಲಾಗದ ಹೆಣ್ಣುಮಕ್ಕಳು ಎಷ್ಟಿದ್ದರು ಎಂಬುದು ಇಲ್ಲೇ ಕಾಣುತ್ತದೆ. ಬೆಳಿಗ್ಗೆ ಡೇರಿ ಸಾಲಿನಲ್ಲಿ ನಿಂತವರಲ್ಲಿ ಇಂಥವರು ಯಾರೆಂದು ನೀವೇ ಬಲ್ಲಿರಿ.

ಇದು ಕೆಲವು ವರ್ಷ ಹಿಂದಿನ ಲೆಕ್ಕ. ಈಚೆಗೆ ಫೋನುಗಳು ಬಹಳ ಹೆಚ್ಚಿವೆ. 2025ರ ಮೊದಲ ಮೂರು ತಿಂಗಳಲ್ಲಿ ಕೇಂದ್ರ ಸರ್ಕಾರ ನಡೆಸಿದ ದೂರಸಂಪರ್ಕ ಸಮೀಕ್ಷೆಯ ಪ್ರಕಾರ ದೇಶದ ನೂರು ಮನೆಗಳಲ್ಲಿ 85ಕ್ಕೂ ಹೆಚ್ಚು ಮನೆಗಳಲ್ಲಿ ಒಂದಾದರೂ ಸ್ಮಾರ್ಟ್‌ಫೋನ್ ಇದೆ. ಸಂತೋಷದ ವಿಷಯವೇ. ಆದರೆ ಪ್ರಶ್ನೆಯನ್ನು ಗಮನಿಸಿ: ಅದು ಮನೆಯ ಲೆಕ್ಕ. ಮನೆಯಲ್ಲಿರುವ ಒಂದು ಫೋನು ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರ ಜೇಬಿನಲ್ಲಿರುತ್ತದೆ ಎಂದು ಆ ಅಂಕಿ ಹೇಳುವುದಿಲ್ಲ.

ಏನು ಕೇಳುತ್ತಾರೆ, ಯಾರನ್ನು ಕೇಳುತ್ತಾರೆ

"ಮಾಡಲು ಬರುತ್ತದೆಯೇ" ಎಂದು ನೇರವಾಗಿ ಕೇಳಿದ ಸಮೀಕ್ಷೆಗಳೂ ಇವೆ. 2017–18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ ಐದು ವರ್ಷ ಮೇಲ್ಪಟ್ಟವರ ಬಗ್ಗೆ ಕೇಳಿದಾಗ, ಇಂಟರ್ನೆಟ್ ಬಳಸಲು ಬರುತ್ತದೆ ಎಂದವರು ಪಟ್ಟಣದಲ್ಲಿ ನೂರಕ್ಕೆ 37, ಹಳ್ಳಿಯಲ್ಲಿ 13.

ಮುಂದೆ 2020–21ರ 78ನೇ ಸುತ್ತಿನಲ್ಲಿ ಇನ್ನೂ ಒಳಹೊಕ್ಕು ಕೇಳಿದರು. ಕಂಪ್ಯೂಟರಿನಲ್ಲಿ ಫೈಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಲು ಬರುತ್ತದೆಯೇ? ಬರೆದದ್ದನ್ನು ಕಾಪಿ ಮಾಡಿ ಪೇಸ್ಟ್ ಮಾಡಲು ಬರುತ್ತದೆಯೇ? ಫೈಲ್ ಸೇರಿಸಿ ಇ-ಮೇಲ್ ಕಳಿಸಲು ಬರುತ್ತದೆಯೇ? ಲೆಕ್ಕದ ಹಾಳೆಯಲ್ಲಿ ಸೂತ್ರ ಹಾಕಿ ಕೂಡಿಸಲು ಬರುತ್ತದೆಯೇ? ಇಂಥ ಪ್ರಶ್ನೆಗಳು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂದು ಸೂಚಕ ಇದಕ್ಕೆಂದೇ ಇದೆ. ಎಲ್ಲ ದೇಶಗಳನ್ನೂ ಒಂದೇ ಅಳತೆಗೋಲಿನಲ್ಲಿ ಹೋಲಿಸಿ ನೋಡಲು ಇಂಥ ಪಟ್ಟಿ ಬೇಕಾಗುತ್ತದೆ.

ಈ ಪಟ್ಟಿ ಕಚೇರಿ ಕೆಲಸಕ್ಕೆ ಸರಿ. ಆದರೆ ಕಂಪ್ಯೂಟರನ್ನೇ ಮುಟ್ಟದ ಒಬ್ಬ ಅಕ್ಕ ಹಸುವಿನ ಕೆಚ್ಚಲು ಊದಿದ್ದನ್ನು ವಿಡಿಯೋ ಮಾಡಿ ಪಶು ವೈದ್ಯರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಅವರು ಹೇಳಿದ್ದನ್ನು ಕೇಳಿ ಕರೆಯುವ ಹಾಲನ್ನು ಬೇರೆ ಇಡುತ್ತಾಳೆ ಎನ್ನಿ. ಇ-ಮೇಲ್ ಪ್ರಶ್ನೆಗೆ ಅವಳ ಉತ್ತರ "ಬರುವುದಿಲ್ಲ" ಎಂದೇ. ಹಾಗಾದರೆ ಅವಳಿಗೆ ಕೌಶಲವಿಲ್ಲವೇ? ಇದೆ. ಪಟ್ಟಿಯಲ್ಲಿ ಅವಳ ಕೆಲಸ ಇಲ್ಲ, ಅಷ್ಟೆ.

ಯಾರನ್ನು ಕೇಳುತ್ತಾರೆ ಎಂಬುದೂ ಮುಖ್ಯ. ಕುಟುಂಬ ಆರೋಗ್ಯ ಸಮೀಕ್ಷೆ ಮಾತಾಡಿಸುವುದು 15ರಿಂದ 49 ವರ್ಷದ ಹೆಣ್ಣುಮಕ್ಕಳನ್ನು ಮಾತ್ರ. ನಮ್ಮ ಸಂಘಗಳಲ್ಲಿ ಐವತ್ತು ದಾಟಿದ ಸದಸ್ಯೆಯರು ಎಷ್ಟು ಜನ ಇಲ್ಲ? ಅವರು ಮೇಲಿನ ಅಂಕಿಗಳಲ್ಲಿ ಸೇರಿಯೇ ಇಲ್ಲ. ಇನ್ನು ಕೆಲವು ಸಮೀಕ್ಷೆಗಳಲ್ಲಿ ಮನೆಯ ಒಬ್ಬರು ಎಲ್ಲರ ಪರವಾಗಿ ಉತ್ತರ ಕೊಡುವುದುಂಟು. ನೀವು ಹುಲ್ಲು ಕೊಯ್ಯಲು ಹೋಗಿರುತ್ತೀರಿ, ಜಗುಲಿಯ ಮೇಲೆ ಕುಳಿತವರು ನಿಮ್ಮ ಬಗ್ಗೆಯೂ ಹೇಳಿ ಕಳಿಸಿರುತ್ತಾರೆ. ಅವರು "ಅವಳಿಗೇನು ಬರುತ್ತೆ" ಎಂದರೂ ತಪ್ಪು, ಸುಮ್ಮನೆ "ಎಲ್ಲರಿಗೂ ಬರುತ್ತೆ" ಎಂದರೂ ತಪ್ಪು.

ಏಳು ವರ್ಷದ ದೊಡ್ಡ ತರಬೇತಿ

ಅಳತೆಯ ನಂತರ ತರಬೇತಿ. ನಮ್ಮ ದೇಶದ ಹಳ್ಳಿಗಳಲ್ಲಿ ನಡೆದ ಅತಿ ದೊಡ್ಡ ಡಿಜಿಟಲ್ ತರಬೇತಿ ಎಂದರೆ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ. 2017ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿತು. ನಿಮ್ಮೂರಿನ ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಕ್ಕಳೋ ಸೊಸೆಯರೋ ಹೋಗಿ ಕಲಿತು ಸರ್ಟಿಫಿಕೇಟ್ ತಂದಿರಬಹುದು.

ಅದರ ರೂಪ ಹೀಗಿತ್ತು. 6 ಕೋಟಿ ಗ್ರಾಮೀಣ ಮನೆಗಳನ್ನು ತಲುಪುವ ಗುರಿ. ಪ್ರತಿ ಮನೆಯಿಂದ ಒಬ್ಬರು. ವಯಸ್ಸು 14ರಿಂದ 60. ಒಟ್ಟು 20 ಗಂಟೆಯ ಪಾಠ; ಕಡಿಮೆ ಎಂದರೆ 10 ದಿನ, ಹೆಚ್ಚೆಂದರೆ 30 ದಿನದಲ್ಲಿ ಮುಗಿಸಬೇಕು. ಸಾಧನ ಬಳಸುವುದು, ಇಂಟರ್ನೆಟ್ ನೋಡುವುದು, ಇ-ಮೇಲ್, ಸರ್ಕಾರಿ ಸೇವೆ ಪಡೆಯುವುದು, ನಗದಿಲ್ಲದೆ ಹಣ ಪಾವತಿಸುವುದು ಇವೆಲ್ಲ ಪಾಠದಲ್ಲಿದ್ದವು. ಕಲಿಯುವವರಿಗೆ ಶುಲ್ಕ ಇರಲಿಲ್ಲ. ಕೊನೆಯಲ್ಲಿ ಆನ್‌ಲೈನ್ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟ್.

2024ರ ಮಾರ್ಚ್ 31ಕ್ಕೆ ಯೋಜನೆ ಮುಗಿದಾಗ ಸರ್ಕಾರ ಕೊಟ್ಟ ಲೆಕ್ಕ: ಹೆಸರು ನೋಂದಾಯಿಸಿದವರು ಸುಮಾರು 7.35 ಕೋಟಿ, ತರಬೇತಿ ಮುಗಿಸಿದವರು 6.39 ಕೋಟಿ, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದವರು 4.77 ಕೋಟಿ. ಅಂದರೆ ತರಬೇತಿ ಮುಗಿಸಿದ ನಾಲ್ವರಲ್ಲಿ ಸುಮಾರು ಮೂವರು ಸರ್ಟಿಫಿಕೇಟ್ ಪಡೆದರು. ಇಷ್ಟು ದೊಡ್ಡ ದೇಶದಲ್ಲಿ ಇದು ಸಣ್ಣ ಕೆಲಸವಲ್ಲ.

ಆದರೂ ಇದರಲ್ಲಿ ನಾವು ಗಮನಿಸಬೇಕಾದ ಎರಡು ವಿಷಯಗಳಿವೆ.

ಮೊದಲನೆಯದು, "ಮನೆಗೊಬ್ಬರು" ಎಂಬ ನಿಯಮ. ಹಣ, ಸಮಯ ಎರಡೂ ಮಿತವಾಗಿದ್ದಾಗ ಇದು ಒಪ್ಪುವ ಮಾತೇ. ಮಹಿಳೆಯರಿಗೆ ಆದ್ಯತೆ ಕೊಡಬೇಕು ಎಂದೂ ನಿಯಮದಲ್ಲಿತ್ತು. ಆದರೆ ಮನೆಗೊಬ್ಬರೇ ಎಂದಾಗ ಆ ಒಬ್ಬರು ಯಾರು ಎಂದು ತೀರ್ಮಾನವಾಗುವುದು ಮನೆಯೊಳಗೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಹೋಗಿ ಬಂದರೆ ಮನೆ ಲೆಕ್ಕಕ್ಕೆ ಸೇರಿತು. ಕೊಟ್ಟಿಗೆ ಬಿಟ್ಟು ಹತ್ತು ದಿನ ಹೋಗಲಾಗದ ತಾಯಿ ಹೊರಗುಳಿದಳು. ಮಗಳು ಮದುವೆಯಾಗಿ ಹೋದಳು, ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ. ಕೌಶಲವೂ ಅವರ ಜೊತೆಗೇ ಬಸ್ಸು ಹತ್ತಿತು.

ಎರಡನೆಯದು, ಸರ್ಟಿಫಿಕೇಟ್ ಒಂದು ದಿನದ ಅಳತೆ. ಇಂದು ಬೆಳಿಗ್ಗೆ ಫ್ಯಾಟ್ 4 ಬಂತೆಂದು ಮೂರು ವರ್ಷ ಅದೇ ದರ ಕೊಡುವುದಿಲ್ಲ. ದಿನಕ್ಕೆರಡು ಸಲ ಸ್ಯಾಂಪಲ್ ನೋಡುತ್ತೇವೆ. 2018ರಲ್ಲಿ ಪಾಸಾದವರು ಆಮೇಲೆ ಫೋನನ್ನೇ ಮುಟ್ಟದಿದ್ದರೆ ಕಲಿತದ್ದು ಮರೆತುಹೋಗುತ್ತದೆ. ಜೊತೆಗೆ ಕಾಲವೂ ಬದಲಾಗುತ್ತದೆ. ಆಗ ಇಲ್ಲದ ಮೋಸಗಳು ಈಗ ಇವೆ.

ಯುರೋಪಿನವರು ಅಳೆಯುವ ಬಗೆ

ಬೇರೆಯವರು ಹೇಗೆ ಅಳೆಯುತ್ತಾರೆ ಎಂದು ಸ್ವಲ್ಪ ನೋಡೋಣ. ಯುರೋಪಿನ ಒಕ್ಕೂಟದ ದೇಶಗಳಿಗಾಗಿ 2013ರಲ್ಲಿ ಒಂದು ಚೌಕಟ್ಟು ಬಂತು. ಅದಕ್ಕೆ ಡಿಜ್‌ಕಾಂಪ್ ಎಂದು ಹೆಸರು. ಅದು ಡಿಜಿಟಲ್ ಕೌಶಲವನ್ನು ಐದು ಭಾಗ ಮಾಡುತ್ತದೆ: ಮಾಹಿತಿ ಹುಡುಕಿ ನಿಜವೋ ಸುಳ್ಳೋ ನೋಡುವುದು, ಇತರರೊಡನೆ ಸಂಪರ್ಕ, ವ್ಯವಹಾರ, ತಾನೇ ಏನಾದರೂ ಬರೆದು, ಚಿತ್ರ ತೆಗೆದು ಸಿದ್ಧಪಡಿಸುವುದು, ಸುರಕ್ಷತೆ, ತೊಂದರೆ ಬಂದಾಗ ಪರಿಹಾರ ಹುಡುಕುವುದು.

ಅಲ್ಲಿನ ಸಮೀಕ್ಷೆಯಲ್ಲಿ 16ರಿಂದ 74 ವರ್ಷದವರನ್ನು ಕೇಳುತ್ತಾರೆ. "ಎಂದಾದರೂ ಮಾಡಿದ್ದೀರಾ" ಎನ್ನುವುದಿಲ್ಲ, "ಕಳೆದ ಮೂರು ತಿಂಗಳಲ್ಲಿ ಮಾಡಿದ್ದೀರಾ" ಎನ್ನುತ್ತಾರೆ. ಐದೂ ಭಾಗಗಳಲ್ಲಿ ಒಂದೊಂದಾದರೂ ಕೆಲಸ ಮಾಡಿದವರನ್ನು ಮಾತ್ರ "ಮೂಲ ಕೌಶಲ ಇದೆ" ಎಂದು ಎಣಿಸುತ್ತಾರೆ. ನಾಲ್ಕು ಭಾಗದಲ್ಲಿ ಗಟ್ಟಿ, ಸುರಕ್ಷತೆಯಲ್ಲಿ ಸೊನ್ನೆ ಎಂದರೆ ಲೆಕ್ಕಕ್ಕಿಲ್ಲ. ಇಷ್ಟು ಬಿಗಿಯಾಗಿ ಅಳೆದಾಗ 2023ರಲ್ಲಿ ಸಿಕ್ಕ ಉತ್ತರ ನೂರಕ್ಕೆ ಸುಮಾರು 56. ಶ್ರೀಮಂತ ದೇಶಗಳಲ್ಲೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ, ಅಷ್ಟೆ. 2030ಕ್ಕೆ ಅದನ್ನು 80ಕ್ಕೆ ಏರಿಸುವುದು ಅವರ ಗುರಿ.

ಆದ್ದರಿಂದ "ನನಗೆ ಬರುವುದಿಲ್ಲ" ಎಂದು ನಾಚಿಕೊಳ್ಳಬೇಕಾದ್ದು ಏನೂ ಇಲ್ಲ. ಅವರ ಅಳತೆಯಿಂದ ನಾವು ಮೂರು ಮಾತು ತೆಗೆದುಕೊಳ್ಳಬಹುದು: ಮಾಡುವ ಕೆಲಸವನ್ನೇ ಕೇಳಬೇಕು, ಇತ್ತೀಚೆಗೆ ಮಾಡಿದ್ದನ್ನೇ ಕೇಳಬೇಕು, ಯಾವ ಭಾಗವೂ ಖಾಲಿ ಇರಬಾರದು.

ನಮ್ಮದೇ ಅಳತೆಗೋಲು

ಈ ಮೂರು ಮಾತನ್ನು ಇಟ್ಟುಕೊಂಡು ಹೈನುಗಾರಿಕೆಗೆ ಹೊಂದುವ ಪಟ್ಟಿ ಮಾಡೋಣ. ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಬರೆಯಲು ಬಾರದವರು ಕಾಳು ಇಟ್ಟು ಎಣಿಸಿದರೂ ಆಯಿತು. ಕಳೆದ ಮೂರು ತಿಂಗಳನ್ನು ಮಾತ್ರ ನೆನೆಸಿಕೊಂಡು ಪ್ರತಿ ಕೆಲಸಕ್ಕೂ ಅಂಕ ಕೊಟ್ಟುಕೊಳ್ಳಿ.

ಬೇರೆಯವರಿಂದ ಮಾಡಿಸಿದ್ದೇನೆ, ಇಲ್ಲವೇ ಮಾಡಿಯೇ ಇಲ್ಲ: 0
ಪಕ್ಕದಲ್ಲಿ ಒಬ್ಬರಿದ್ದರೆ ಮಾಡುತ್ತೇನೆ: 1
ಒಬ್ಬಳೇ ಮಾಡುತ್ತೇನೆ: 2
ಇನ್ನೊಬ್ಬರಿಗೂ ಹೇಳಿಕೊಡುತ್ತೇನೆ: 3

*ಒಂದು: ಮಾಹಿತಿ*

• ಡೇರಿಯಿಂದ ಬಂದ ಮೆಸೇಜನ್ನು ತೆರೆದು ಲೀಟರ್, ಫ್ಯಾಟ್, ಮೊತ್ತವನ್ನು ಚೀಟಿಯೊಂದಿಗೆ ತಾಳೆ ನೋಡುವುದು.
• ಬ್ಯಾಂಕಿನ ಮೆಸೇಜಿನಲ್ಲಿ ಹಣ ಬಂದಿದೆಯೋ ಹೋಗಿದೆಯೋ ಗುರುತಿಸುವುದು.
• ಫೋನಿನ ಮೈಕ್ ಗುರುತು ಒತ್ತಿ ಕನ್ನಡದಲ್ಲೇ ಮಾತಾಡಿ ಮಾಹಿತಿ ಹುಡುಕುವುದು. ಸಿಕ್ಕಿದ್ದನ್ನು ಹೇಳಿದವರು ಪಶು ವೈದ್ಯರೋ, ಔಷಧಿ ಮಾರುವವರೋ ಎಂದು ನೋಡುವುದು.

*ಎರಡು: ಸಂಪರ್ಕ, ವ್ಯವಹಾರ*

• ಸಂಘದ ಕಾರ್ಯದರ್ಶಿ, ಪಶು ವೈದ್ಯರು, ಕೃತಕ ಗರ್ಭಧಾರಣೆ ಮಾಡುವವರ ನಂಬರನ್ನು ಹೆಸರು ಹಾಕಿ ಉಳಿಸಿಕೊಳ್ಳುವುದು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡುವುದು.
• ಹಿಂಡಿ ಅಂಗಡಿಗೆ ಫೋನಿನಿಂದ ಹಣ ಕಳಿಸುವಾಗ ಪರದೆಯಲ್ಲಿ ಬಂದ ಹೆಸರು ಓದಿ, ಸರಿ ಇದ್ದರೆ ಮಾತ್ರ ಪಿನ್ ಹಾಕುವುದು.

*ಮೂರು: ತಾನೇ ಸಿದ್ಧಪಡಿಸುವುದು*

• ಹಸುವಿನ ಗಾಯ, ಕೆಚ್ಚಲು, ಸಗಣಿಯ ಸ್ಪಷ್ಟ ಫೋಟೋ ಅಥವಾ ವಿಡಿಯೋ ತೆಗೆದು ವೈದ್ಯರಿಗೆ ಕಳಿಸುವುದು.
• ಕಿವಿ ಓಲೆಯ 12 ಅಂಕಿ ಕಾಣುವಂತೆ ಫೋಟೋ ತೆಗೆದು ಇಟ್ಟುಕೊಳ್ಳುವುದು.
• ಗರ್ಭಧಾರಣೆ ಮಾಡಿಸಿದ ದಿನ ಗುರುತು ಹಾಕಿ, ಹಸು ಮತ್ತೆ ಬೆದೆಗೆ ಬರುತ್ತದೆಯೇ ನೋಡಲು 21ನೇ ದಿನದ ಸುಮಾರಿಗೆ ಅಲಾರಂ ಇಡುವುದು.

*ನಾಲ್ಕು: ಸುರಕ್ಷತೆ*

• ಫೋನಿಗೆ ಲಾಕ್ ಹಾಕುವುದು. ಪಿನ್ ಸಂಖ್ಯೆಯನ್ನು ಪಾಸ್ ಪುಸ್ತಕದ ಹಿಂದೆ ಬರೆದಿಡದಿರುವುದು.
• ಒಟಿಪಿಯನ್ನು ಯಾರು ಕೇಳಿದರೂ ಹೇಳದಿರುವುದು. ಬ್ಯಾಂಕಿನವರು, ಡೇರಿಯವರು, ಸರ್ಕಾರದವರು ಎಂದು ಹೇಳಿಕೊಂಡರೂ ಸರಿ.
• ವಾಟ್ಸ್‌ಆ್ಯಪಿನಲ್ಲಿ ಬಂದ ಗೊತ್ತಿಲ್ಲದ ಲಿಂಕ್ ಒತ್ತದಿರುವುದು, ಅದರಲ್ಲಿ ಕಳಿಸಿದ ಆ್ಯಪ್ ಹಾಕಿಕೊಳ್ಳದಿರುವುದು.

*ಐದು: ತೊಂದರೆ ಬಂದಾಗ*

• ಸಹಾಯಧನ, ಪ್ರೋತ್ಸಾಹಧನ ಬರಲಿಲ್ಲವೆಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡುವುದು. ಎರಡು ಖಾತೆ ಇದ್ದವರಿಗೆ ಹಣ ಇನ್ನೊಂದು ಖಾತೆಗೆ ಹೋಗಿರುವುದುಂಟು.
• ಮೋಸದಿಂದ ಹಣ ಹೋಯಿತೆಂದರೆ ಒಂದು ಗಳಿಗೆಯೂ ತಡಮಾಡದೆ 1930ಕ್ಕೆ ಕರೆ ಮಾಡುವುದು, ಬ್ಯಾಂಕಿಗೆ ತಿಳಿಸುವುದು.

ಅಂಕಗಳನ್ನು ಒಟ್ಟು ಕೂಡಿಸಬೇಡಿ. ಫ್ಯಾಟ್ ಎಷ್ಟು ಚೆನ್ನಾಗಿದ್ದರೂ ಎಸ್‌ಎನ್‌ಎಫ್ ಬಿದ್ದರೆ ದರ ಬೀಳುವಂತೆ, ಇಲ್ಲಿಯೂ ಕಡಿಮೆ ಇರುವ ಭಾಗವನ್ನೇ ನೋಡಬೇಕು. ಹಣ ಕಳಿಸುವುದರಲ್ಲಿ 3, ಸುರಕ್ಷತೆಯಲ್ಲಿ 0 ಎಂದರೆ ಅದು ಎಲ್ಲಕ್ಕಿಂತ ಅಪಾಯದ ಸ್ಥಿತಿ. ಹಣ ಕಳಿಸಲು ಗೊತ್ತಿದ್ದು ಮೋಸ ಗುರುತಿಸಲು ಬಾರದವರ ಖಾತೆಯೇ ಬೇಗ ಖಾಲಿಯಾಗುವುದು.

ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು ಮತ್ತು ಬಾಕಿ ನೋಡಲು. ಹಣ ಪಡೆಯಲು ಪಿನ್ ಬೇಕಿಲ್ಲ. "ಕರು ಕೊಳ್ಳುತ್ತೇನೆ, ಮುಂಗಡ ಹಾಕುತ್ತೇನೆ, ಪಿನ್ ಒತ್ತಿ" ಎಂದವನು ಕೊಳ್ಳಲು ಬಂದವನಲ್ಲ.

ಸ್ಮಾರ್ಟ್‌ಫೋನ್ ಇಲ್ಲದವರು ಈ ಪಟ್ಟಿಯಿಂದ ಹೊರಗಿಲ್ಲ. ಮೆಸೇಜ್ ಓದುವುದು, ನಂಬರು ಉಳಿಸುವುದು, 1962 ಮತ್ತು 1930ಕ್ಕೆ ಕರೆ ಮಾಡುವುದು, ಒಟಿಪಿ ಹೇಳದಿರುವುದು ಇವೆಲ್ಲ ಗುಂಡಿ ಒತ್ತುವ ಫೋನಿನಲ್ಲೂ ನಡೆಯುತ್ತವೆ. ಖಾತೆಗೆ ಜೋಡಿಸಿದ ನಂಬರಿನಿಂದ *99# ಒತ್ತಿದರೆ ಇಂಟರ್ನೆಟ್ ಇಲ್ಲದೆಯೂ ಬಾಕಿ ನೋಡಬಹುದು, ಹಣ ಕಳಿಸಬಹುದು.

ಕಲಿಯುವುದು ಎಲ್ಲಿ, ಹೇಗೆ

ಮೊದಲ ಹೆಜ್ಜೆಗೆ ತರಬೇತಿ ಬೇಕಿಲ್ಲ, ಬ್ಯಾಂಕಿಗೆ ಒಂದು ಸಲ ಹೋಗಿ ಬಂದರೆ ಸಾಕು. ನಿಮ್ಮ ಹಾಲಿನ ಹಣ ಬರುವ ಖಾತೆಗೆ ಯಾವ ನಂಬರು ಜೋಡಿಸಿದೆ ಎಂದು ವಿಚಾರಿಸಿ. ನಿಮಗೆ ಸ್ವಂತ ನಂಬರು ಇದ್ದರೆ ಅದನ್ನೇ ಹಾಕಿಸಿ. ಸಂಘದಲ್ಲೂ ಅದೇ ನಂಬರು ಬರೆಸಿ. ಇದು ಮನೆಯವರ ಮೇಲಿನ ಅಪನಂಬಿಕೆಯಲ್ಲ. ನಿಮ್ಮ ದುಡಿಮೆಯ ಲೆಕ್ಕ ನಿಮ್ಮ ಕೈಗೆ ಬರಲಿ ಎಂಬುದಷ್ಟೇ. ನಂಬರು ನಿಮ್ಮದಾಗದೆ ಮೇಲಿನ ಪಟ್ಟಿಯ ಅರ್ಧ ಕೆಲಸ ಕಲಿತರೂ ಅಭ್ಯಾಸಕ್ಕೆ ಬರುವುದಿಲ್ಲ.

ಎರಡನೆಯದು, ಜೊತೆಗಾರ್ತಿಯರು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಪಟ್ಟಿಯನ್ನು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಅಂಕ ಹಾಕಿಕೊಳ್ಳಲಿ. 3 ಹಾಕಿಕೊಂಡವರು ಯಾರು ಎಂದು ಕೇಳಿ. ಒಂದೊಂದು ಕೆಲಸಕ್ಕೆ ಒಬ್ಬೊಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಅವರೇ ನಿಮ್ಮ ಗುರುಗಳು. ಬೆಳಿಗ್ಗೆ ಹಾಲು ಹಾಕಿದ ಮೇಲೆ ಹದಿನೈದು ನಿಮಿಷ, ವಾರಕ್ಕೊಂದು ಕೆಲಸ. ಹೇಳಿಕೊಡುವವರು ಫೋನನ್ನು ಕೈಗೆ ತೆಗೆದುಕೊಳ್ಳಬಾರದು. ಕಲಿಯುವವರ ಬೆರಳೇ ಒತ್ತಬೇಕು. ಮನೆಯಲ್ಲಿ ಮಕ್ಕಳು ಹೇಳಿಕೊಡುವಾಗಲೂ ಇದೇ ನಿಯಮ ಇಡಿ. "ಕೊಡಮ್ಮ, ನಾನು ಮಾಡ್ತೀನಿ" ಎಂದು ಮಗ ಫೋನು ಕಸಿದುಕೊಂಡರೆ ಕೆಲಸ ಆಗುತ್ತದೆ, ಕಲಿಕೆ ಆಗುವುದಿಲ್ಲ.

ಮೂರನೆಯದು, ಕೇಳಿ ಪಡೆಯುವುದು. ಸಭೆಯಲ್ಲಿ ಸೊನ್ನೆ ಹೆಚ್ಚು ಬಿದ್ದ ಕೆಲಸಗಳ ಪಟ್ಟಿಯನ್ನು ಕಾರ್ಯದರ್ಶಿಯವರ ಮೂಲಕ ವಿಸ್ತರಣಾಧಿಕಾರಿಗೆ ಕೊಡಿ. "ನಮಗೂ ಒಂದು ಕಂಪ್ಯೂಟರ್ ತರಬೇತಿ ಕೊಡಿ" ಎಂದರೆ ಯಾರೋ ಬಂದು ಒಂದು ದಿನ ಭಾಷಣ ಮಾಡಿ ಹೋಗಬಹುದು. "ನಮ್ಮ ಸಂಘದ 40 ಜನರಲ್ಲಿ 31 ಜನಕ್ಕೆ ಬ್ಯಾಂಕಿನ ಮೆಸೇಜ್ ಓದಲು ಬರುವುದಿಲ್ಲ, ಅದನ್ನು ಕಲಿಸಿ" ಎಂದು ಲೆಕ್ಕ ಸಮೇತ ಕೇಳಿದರೆ ತರಬೇತಿ ಕೊಡುವವರಿಗೂ ದಾರಿ ಸ್ಪಷ್ಟ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಸಾಮಾನ್ಯ ಸೇವಾ ಕೇಂದ್ರದಲ್ಲಿ, ನಿಮ್ಮ ಸ್ವಸಹಾಯ ಸಂಘದ ಒಕ್ಕೂಟದಲ್ಲಿ, ಬ್ಯಾಂಕಿನ ಆರ್ಥಿಕ ಸಾಕ್ಷರತಾ ಶಿಬಿರದಲ್ಲಿಯೂ ಹೀಗೆಯೇ ಕೇಳಬಹುದು.

ನಾಲ್ಕನೆಯದು, ಮೂರು ತಿಂಗಳು ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಹಿಡಿಯಿರಿ. 0 ಇದ್ದದ್ದು 1 ಆಗಿದೆಯೇ, 1 ಇದ್ದದ್ದು 2 ಆಗಿದೆಯೇ ನೋಡಿ. ಆಗದಿದ್ದರೆ ಕಲಿಯುವವರ ತಪ್ಪು ಎಂದುಕೊಳ್ಳಬೇಡಿ. ಹಾಲು ಕಡಿಮೆಯಾದರೆ ಹಸುವನ್ನು ಬೈಯುತ್ತೇವೆಯೇ? ಮೇವು ನೋಡುತ್ತೇವೆ, ನೀರು ನೋಡುತ್ತೇವೆ. ಹಾಗೆ ಕಲಿಸಿದ ರೀತಿ ನೋಡಬೇಕು, ಫೋನು ಕೈಗೆ ಸಿಗುತ್ತಿದೆಯೇ ನೋಡಬೇಕು.

ಸಮೀಕ್ಷೆಯವರು ಮನೆಗೆ ಬಂದಾಗ

ಮುಂದೆ ಎಂದಾದರೂ ಸರ್ಕಾರದ ಸಮೀಕ್ಷೆಯವರು ನಿಮ್ಮ ಮನೆಗೆ ಬಂದು ಫೋನು, ಇಂಟರ್ನೆಟ್ ಬಗ್ಗೆ ಕೇಳಬಹುದು. ಮೊದಲು ಅವರ ಗುರುತಿನ ಚೀಟಿ ನೋಡಿ. ಒಟಿಪಿ, ಪಿನ್ ಕೇಳಿದರೆ ಅವರು ಸಮೀಕ್ಷೆಯವರಲ್ಲ. ಸರಿಯಾದವರೇ ಆಗಿದ್ದರೆ, ನಿಮ್ಮ ಬಗ್ಗೆ ನೀವೇ ಉತ್ತರ ಹೇಳುತ್ತೀರಿ ಎನ್ನಿ. ಬರುವುದನ್ನು ಬರುತ್ತದೆ ಎನ್ನಿ, ಬಾರದ್ದನ್ನು ಬಾರದು ಎನ್ನಿ. ಮಾನಕ್ಕಂಜಿ "ಎಲ್ಲಾ ಬರುತ್ತೆ" ಎಂದರೆ ನಿಮ್ಮೂರಿಗೆ ಬರಬೇಕಾದ ತರಬೇತಿ ಬೇರೆ ಕಡೆ ಹೋಗುತ್ತದೆ. "ನಮಗೇನು ಗೊತ್ತು" ಎಂದು ಒಳಗೆ ಹೋದರೆ ನೀವು ಕಲಿತದ್ದು ಲೆಕ್ಕಕ್ಕೆ ಸಿಗುವುದಿಲ್ಲ. ದೇಶದ ದೊಡ್ಡ ಅಂಕಿ ಹುಟ್ಟುವುದು ಇಂಥ ಒಂದೊಂದು ಬಾಗಿಲಿನ ಒಂದೊಂದು ಮಾತಿನಿಂದ.

ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ, ಬಂದ ಮೆಸೇಜನ್ನು ನೀವೇ ತೆರೆಯಿರಿ. ಪಕ್ಕದಲ್ಲಿ ಚೀಟಿ ಇಟ್ಟುಕೊಳ್ಳಿ. ಲೀಟರ್ ಸರಿ ಇದೆಯೇ, ಫ್ಯಾಟ್ ಸರಿ ಇದೆಯೇ, ಮೊತ್ತ ಸರಿ ಇದೆಯೇ ನೋಡಿ. ಪಟ್ಟಿಯ ಮೊದಲ ಸಾಲಿಗೆ ಅಂಕ ಹಾಕಿಕೊಳ್ಳುವುದು ಅಲ್ಲಿಂದಲೇ ಶುರುವಾಗಲಿ.